ಏಳನೇ ನಂಬರು

ಊರಿನ ಹೆಸರು ಹಲ್. ಜನವರಿಯಲ್ಲಿ
ಹೆಸರಿಗೆ ತಕ್ಕ ಹಾಗೆ ಕಟಕಟ ಅನ್ನುತ್ತದೆ.
ಹೆಸಲ್ ರಸ್ತೆಯ ಕೊನೆಗೆ, ಮೀನಂಗಡಿಗೆ ಒತ್ತಿಕೊಂಡು,
ಡೆರೆಕ್‌ನ ಬಟ್ಟೆ ಒಗೆಯುವ ಅಂಗಡಿ:
ಹನ್ನೊಂದು ಯಂತ್ರ, ಒಂದು ಬೆಂಚು, ನಾನು.
ಗೋಡೆಯ ಮೇಲೆ ಅವನದೇ ಕೈಬರಹ,
ದೂರುಗಳಿದ್ದರೆ ಈ ನಂಬರಿಗೆ ಹೇಳಿ.

ಹತ್ತು ಯಂತ್ರ ಸುಮ್ಮನೆ ತಿರುಗುತ್ತವೆ.
ಏಳನೆಯದು ಮಾತ್ರ ಕೊನೆಯ ಸುತ್ತಿನಲ್ಲಿ
ಕುಂಟುಗಾಲಲ್ಲಿ ನೆಲ ಗುದ್ದುತ್ತದೆ:
ತಕಿಟ ತಕಧಿಮಿ, ತಕಿಟ ತಕಧಿಮಿ,
ಮಿಶ್ರ ಛಾಪು, ಒಂದು ಮಾತ್ರೆಯೂ ಜಾರದೆ.
ಇದಕ್ಕೆ ಯಾರು ಪಾಠ ಹೇಳಿದರೋ.
ಯಾರದೋ ಒದ್ದೆ ಕಂಬಳಿ ಇರಬೇಕು ಗುರು.

ರಾಗ ಬರುವುದು ಆಗಲೇ.
ಹೇಳಿ ಕೇಳಿ ಬರುವುದಿಲ್ಲ; ಹಲ್ಲಿಯ ಹಾಗೆ
ಗೋಡೆಯ ಸಂದಿಯಿಂದ ತಲೆ ಹಾಕಿ
ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ
ಬಾಲ ಬಿಟ್ಟು ಓಡಿಹೋಗಿರುತ್ತದೆ.
ಮನೆಗೆ ಬಂದು ನೋಡಿದರೆ ನಾಲ್ಕು ಸ್ವರ
ಇನ್ನೂ ಸ್ವಲ್ಪ ವಿಲವಿಲ ಅನ್ನುತ್ತಿರುತ್ತವೆ, ಅಷ್ಟೆ.

ಅದಕ್ಕೇ ಕೊಂಡೆ.
ಚಾರಿಟಿ ಅಂಗಡಿಯಲ್ಲಿ ನಾಲ್ಕು ಪೌಂಡಿಗೆ
ಎರಡು ಗೇಣಿನ ಕೀಬೋರ್ಡು, ಬ್ಯಾಟರಿಯದು.
ಯಾವ ಮಗುವೋ ಅದಕ್ಕೊಂದು ಜೀಬ್ರಾ ಅಂಟಿಸಿದೆ.
ಗಾಂಧಾರ ಸತ್ತಿದೆ, ಒತ್ತಿದರೆ ಬರೀ ಟಕ್ಕು;
ಅದನ್ನು ನಾನೇ ಬಾಯಲ್ಲಿ ತುಂಬುತ್ತಿದ್ದೆ.
ಜೊತೆಗೆ ಬೆಂಕಿಪೊಟ್ಟಣದಷ್ಟು ರೆಕಾರ್ಡರು.
ಒಂದೇ ಗುಂಡಿ, ಕೆಂಪು. ಒತ್ತು, ಹಾಡು, ಬಿಡು.
ಏಪ್ರನ್ನಿನ ಜೇಬು ಅದರ ಮನೆ.
ಬಟ್ಟೆ ಮಡಿಸುವ ಮೇಜಿನ ಕೆಳಗೆ ಜೀಬ್ರಾದ್ದು.

ಹೀಗೆ ಅರವತ್ತೊಂದು ಹಿಡಿದೆ.
ಕೆಲವಕ್ಕೆ ಎಂಟು ಸೆಕೆಂಡು ಆಯಸ್ಸು.
ಒಂದರ ನಡುವೆ ಆಡ್ರಿ ಥ್ಯಾಕ್ರೆ
"ಇಪ್ಪತ್ತು ಪೆನ್ನಿ ಚಿಲ್ಲರೆ ಇದೆಯಾ ಮರಿ?" ಅನ್ನುತ್ತಾಳೆ,
ಸರಿಯಾಗಿ ಪಂಚಮಕ್ಕೆ ಬಂದು ನಿಂತು.
ಯಾವುದನ್ನೂ ಮುಗಿಸಲಿಲ್ಲ. ಮುಗಿಸಲು ರಜೆ ಬೇಕು,
ರಜೆಗೆ ಡೆರೆಕ್ ಬೇಕು, ಡೆರೆಕ್‌ಗೆ ಬೆನ್ನುನೋವು.

ನಮ್ಮ ಕೆಲಸದಲ್ಲಿ ಮೊದಲು ನೋಡಬೇಕಾದ್ದು ಜೇಬು.
ಊರವರ ಜೇಬೆಲ್ಲ ತಡಕಿದವಳು ನಾನು.
ಬಸ್ ಟಿಕೆಟು, ಲಿಪ್‌ಸ್ಟಿಕ್ಕು, ಕಟ್ಟಿಸಿಕೊಂಡ ಹಲ್ಲು,
ಒಮ್ಮೆ ನಿಶ್ಚಿತಾರ್ಥದ ಉಂಗುರ, ಒಮ್ಮೆ ಬೇಯಿಸಿದ ಮೊಟ್ಟೆ.
ಫೆಬ್ರವರಿಯ ಒಂದು ಗುರುವಾರ ನನ್ನ ಏಪ್ರನ್ನನ್ನೇ
ಏಳನೇ ನಂಬರಿಗೆ ಹಾಕಿ ಬಾಗಿಲು ಒತ್ತಿದೆ.
ಅರವತ್ತು ಡಿಗ್ರಿ, ಬಿಳಿ ಬಟ್ಟೆಯ ಸುತ್ತು.
ಗಾಜಿನ ಆಚೆ ಏನೋ ಟಕಟಕ ಬಡಿಯುತ್ತಿತ್ತು,
ಅಂಗಿಯ ಗುಂಡಿ ಇರಬೇಕು ಅಂದುಕೊಂಡೆ.
ಅದರ ತಾಳಕ್ಕೆ ಗುನುಗಿದೆ ಕೂಡ.

ಮೂರು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ.
ತೆಗೆದಾಗ ತುಂಬ ಮಡಿಯಾಗಿತ್ತು,
ಜೀವ ಮಾತ್ರ ಇರಲಿಲ್ಲ.
ಅಳಲಿಲ್ಲ. ಅದೇ ಅಕ್ಕಿ ಬೇಯಿಸಿದೆ, ಸಾರು ಮಾಡಿದೆ.
ಅನ್ನಕ್ಕೆ ಒಂಚೂರು ಲ್ಯಾವೆಂಡರಿನ ವಾಸನೆ.
ಎರಡನೇ ತುತ್ತಿಗೆ ಬಂತು ನೋಡಿ,
ಬಾಲವಲ್ಲ, ಮೂತಿಯಿಂದ ತುದಿಯವರೆಗೆ ಇಡೀ ಹಲ್ಲಿ,
ಗಾಂಧಾರ ಸಮೇತ.

ಎಂಜಲು ಕೈ. ಜೀಬ್ರಾ ಅಂಗಡಿಯಲ್ಲಿ.
ಮನೆಯಲ್ಲಿರುವುದು ಗೋಡೆಯ ಫೋನೊಂದು,
ನನಗೆ ಬಾಯಿಪಾಠ ಬರುವುದು ಒಂದೇ ನಂಬರು.
ಎಡಗೈಯಲ್ಲಿ ಒತ್ತಿದೆ.
ಹೆಸಲ್ ರಸ್ತೆಯ ಕತ್ತಲೆಯಲ್ಲಿ, ಹನ್ನೊಂದು ಬಾಯಿ
ತೆರೆದುಕೊಂಡು ಮಲಗಿದ ಯಂತ್ರಗಳ ನಡುವೆ
ಯಾರೂ ಎತ್ತದ ಫೋನು ಐದು ಸಲ ಬಾರಿಸಿ
ಕೀಂ ಅಂದಿತು.
ಹಾಡಿದೆ, ಟೇಪು ಸಾಕು ಅನ್ನುವವರೆಗೆ.

ಬೆಳಿಗ್ಗೆ ಡೆರೆಕ್ ಕೋಟು ಕೂಡ ಬಿಚ್ಚದೆ
ಪೂರ್ತಿ ಕೇಳಿದ, ಒಂದು ಕೈ ಬೆನ್ನ ಮೇಲೆ.
"ಯಾರಪ್ಪಾ ಈ ಗಿರಾಕಿ? ಏನಂತೆ ಇವಳ ದೂರು?"
ನಾನು ಮೇಜು ಒರೆಸುತ್ತಿದ್ದೆ.
"ಏಳನೇ ನಂಬರಿನದು," ಅಂದೆ.
"ಅದನ್ನು ರಿಪೇರಿ ಮಾಡಿಸಬಾರದಂತೆ."