ಕಲ್ಲಿಗಿನ್ನೂ ಹೋಗದವರು

ತ್ಬಿಲಿಸಿಯ ರೈಲು ನಿಲ್ದಾಣದ ಕೆಳಗೆ, ನೆಲಮಾಳಿಗೆಯ ಸಾಲಲ್ಲಿ
ನನ್ನದು ಒಂದೂವರೆ ಮೀಟರಿನ ಅಂಗಡಿ.
ಎಡಕ್ಕೆ ಫೋನಿನ ಕವಚ ಮಾರುವ ಹುಡುಗ,
ಬಲಕ್ಕೆ ಕಾಲುಚೀಲ.
ಉಶಾಂಗಿ ಬಂದದ್ದು ಫೆಬ್ರವರಿಯ ಒಂದು ಸಂಜೆ,
ಕಂಕುಳಲ್ಲಿ ಟವೆಲು ಸುತ್ತಿದ ಲ್ಯಾಪ್‌ಟಾಪು,
ಜ್ವರದ ಕೂಸನ್ನು ತಂದ ಹಾಗೆ.

"ಇದನ್ನು ಆನ್ ಮಾಡಿ, ಖಾತುನಾ,
ರೊಟ್ಟಿ ಅಂಗಡಿಗೆ ಹೋಗಿ, ಸಾಲಲ್ಲಿ ನಿಂತು,
ತಂದು, ಅರ್ಧ ತಿಂದು ಮುಗಿಸುತ್ತೇನೆ.
ಆಗ ಅದು ಕಣ್ಣು ಬಿಡುತ್ತದೆ."

ಕಿವಿಯಿಟ್ಟೆ. ಒಳಗೆ ಟಿಕ್, ಮತ್ತೆ ಟಿಕ್,
ಹಲ್ಲಿ ಲೊಚಗುಟ್ಟಿದ ಹಾಗೆ.
ತಿರುಗುವ ತಟ್ಟೆಯ ಡಿಸ್ಕು, ಹನ್ನೊಂದು ವರ್ಷದ್ದು.
ತಿರುಪು ಬಿಚ್ಚಿದೆ. ಎಂಟಿರಬೇಕಾದಲ್ಲಿ ಐದು.
ಮುಚ್ಚಳ ಎತ್ತಿದರೆ ಮೇಜಿನ ಮೇಲೆ ಕಪ್ಪು ಪುಡಿ ಸುರಿಯಿತು.
ಇದೇನು? ಎಂದೆ.
"ಬಸಾಲ್ಟು," ಅಂದ. "ಗೋರಿಗಲ್ಲು."

ಆತನ ಕೆಲಸ ಅದು, ಸತ್ತವರ ಮುಖ ಕೆತ್ತುವುದು.
ನುಣುಪು ಮಾಡಿದ ಕರಿಕಲ್ಲಿನ ಮೇಲೆ ವಜ್ರದ ಮೊನೆಯಲ್ಲಿ
ಚುಕ್ಕಿ, ಚುಕ್ಕಿ, ಚುಕ್ಕಿ,
ಬಿಳಿಚುಕ್ಕಿ ಸೇರಿ ಒಂದು ಹುಬ್ಬಾಗುವ ತನಕ.
ಮನೆಯವರು ಫೋಟೋ ಕಳಿಸುತ್ತಾರೆ: ಮದುವೆಯದ್ದು, ಪಾಸ್‌ಪೋರ್ಟಿನದ್ದು,
ಸಮುದ್ರದ ದಡದಲ್ಲಿ ಕಲ್ಲಂಗಡಿ ಹಿಡಿದು ನಿಂತದ್ದು.
"ಕಲ್ಲಂಗಡಿ ತೆಗೆದು ಕೈ ಮಡಿಸಬೇಕು. ಅದೇ ದೊಡ್ಡ ಕೆಲಸ."

ಎಷ್ಟಿದೆ?
ಕೋಟಿನ ಮೂರು ಜೇಬಿಂದ ಅರವತ್ತು ಲಾರಿ ಬಂತು,
ನಾಲ್ಕನೆಯದರಿಂದ ಒಂದು ಮೋಟು ಪೆನ್ಸಿಲು.
ಆ ದುಡ್ಡಿಗೆ ನನ್ನ ಬಳಿ ಇದ್ದದ್ದು ಒಂದೇ:
ತಿರುಗದ, ಸದ್ದಿಲ್ಲದ ಬಗೆಯದು, ಬಿಸ್ಕತ್ತಿನಷ್ಟು ಹಗುರ,
ಯಾರೋ ಎಂಟು ತಿಂಗಳು ಬಳಸಿ ಬಿಟ್ಟದ್ದು.
ನೂರಾ ಇಪ್ಪತ್ತು ಗಿಗಾಬೈಟು.
ಹಳೆಯದರಲ್ಲಿ ತುಂಬಿದ್ದು ಇನ್ನೂರ ತೊಂಬತ್ತು.
"ಕೊಡದ ನೀರು ಚೊಂಬಿನಲ್ಲಿ ಹಿಡಿಸೋದಿಲ್ಲ," ಎಂದೆ,
"ಯಾರನ್ನು ಬಿಡೋಣ, ಹೇಳಿ."

ಸ್ಟೂಲು ಎಳೆದು ಕೂತ. ಕನ್ನಡಕ ಒರೆಸಿಕೊಂಡ,
ಗಾಜಿಗೆ ಮತ್ತೆ ಪುಡಿಯೇ ಹತ್ತಿತು.
ಒಂದೊಂದೇ ಮುಖ ತೆರೆಯ ಮೇಲೆ ಮೂಡುವಷ್ಟರಲ್ಲಿ
ಪಕ್ಕದ ಹುಡುಗ ಎರಡು ಕವಚ ಮಾರಿದ.
ಅಳುತ್ತಾನೇನೋ ಅಂದುಕೊಂಡೆ. ಚಹಾ ಕೂಡ ತರಿಸಿದೆ.
ಆತ ಚಹಾ ಕುಡಿದ, ಬೆರಳಿಟ್ಟು ತೋರಿಸುತ್ತ ಹೋದ:
"ಇವನು ಹೋಗಲಿ. ಇವಳೂ. ಈ ಇಬ್ಬರು ಅಣ್ಣತಮ್ಮಂದಿರು,
ಈ ಮೇಷ್ಟ್ರು, ಕಿವಿಯ ಕೂದಲಿಗೇ ಎರಡು ದಿನ ಹಿಡಿಯಿತು, ಹೋಗಲಿ.
ಕಲ್ಲಿಗೆ ಹೋದವರಿಗೆ ಇಲ್ಲೇನು ಕೆಲಸ?
ಅದಕ್ಕೆ ಕರೆಂಟು ಬೇಡ, ಹಿಮಕ್ಕೂ ಜಗ್ಗುವುದಿಲ್ಲ."

ಹನ್ನೊಂದು ವರ್ಷದ ಜನ.
ಒಂದು ಗುಂಡಿ ಒತ್ತಿದ್ದಕ್ಕೆ ಊರೇ ಖಾಲಿ.

ಉಳಿದದ್ದು ಒಂದು ಕಡತ, ಮೂವತ್ತೊಂದು ಮುಖ.
ಮುಂಗಡ ಕೊಟ್ಟ ಅಳಿಯ ಮತ್ತೆ ಸುಳಿಯದೆ ನಿಂತುಹೋದವರು,
ಮಕ್ಕಳು ಖರ್ಚಿಗೆ ಜಗಳವಾಡಿ ಕಲ್ಲು ಕಾಣದವರು,
ಈ ಫೋಟೋ ಮಸುಕು, ಬೇರೆ ಕಳಿಸುತ್ತೇವೆ ಎಂದ ಮನೆಯವರು
ಆರು ವರ್ಷವಾದರೂ ಕಳಿಸದೇ ಹೋದವರು.
"ಇವರನ್ನು ಬೀಳಿಸಬೇಡ," ಅಂದ ಮೆಲ್ಲಗೆ,
"ಇವರಿಗೆ ಇದೊಂದೇ ಜಾಗ."

ರಾತ್ರಿ ಎಂಟಕ್ಕೆ ಹೊಸದನ್ನು ಕೂರಿಸಿದೆ. ಇಲ್ಲದ ಮೂರು ತಿರುಪಿಗೆ
ನನ್ನ ಡಬ್ಬಿ ಕೆದಕಿ ಎರಡು ಹಾಕಿದೆ.
ಆತ ಗುಂಡಿ ಒತ್ತಿದವನೇ ಅಭ್ಯಾಸಬಲದಿಂದ ಎದ್ದ,
ರೊಟ್ಟಿಗೆ ಹೊರಟವನ ಹಾಗೆ.
ಅಷ್ಟರಲ್ಲಿ ತೆರೆ ಬೆಳಗಿತ್ತು.
ಬಗ್ಗಿ ಕಿವಿಯಿಟ್ಟು, "ಬದುಕಿದೆಯಾ?" ಅಂದ. "ಉಸಿರೇ ಇಲ್ಲ."

ಕೂಲಿ ಸೇರಿ ಎಪ್ಪತ್ತು. ಕೊಟ್ಟದ್ದು ಅರವತ್ತು.
ಉಳಿದ ಹತ್ತಕ್ಕೆ ನನ್ನ ಮುಖವನ್ನೇ ನೋಡಿದ,
ಮೂಗಿಂದ ಗಲ್ಲಕ್ಕೆ, ಗಲ್ಲದಿಂದ ಕಿವಿಗೆ, ಅಳತೆಯ ನೋಟ.
"ನಿನ್ನ ಹುಬ್ಬು ಕಷ್ಟದ್ದು, ಖಾತುನಾ.
ಆದರೂ ಅಕ್ಷರಕ್ಕೆ ದುಡ್ಡು ಹಿಡಿಯೋದಿಲ್ಲ, ಆಗ."

ಹುಡುಗ ನಕ್ಕ. ನಾನು ಲೆಕ್ಕದ ಪುಸ್ತಕದಲ್ಲಿ
ಆತನ ಹೆಸರಿನ ಮುಂದೆ ಬರೆದೆ:
ಬಾಕಿ, ಹತ್ತು ಲಾರಿ.
ಅವಸರವಿಲ್ಲ.