ನಲವತ್ತರಲ್ಲಿ ಎರಡು ಪರ್ಸೆಂಟು

ಹೈದರಾಬಾದಿನ ಶಾಲೆಯೊಂದು ನನಗೆ ಮೇಲ್ ಕಳಿಸಿದೆ.
ಶಾಲೆ ಅಂತಲೇ ಕರೆದುಕೊಳ್ಳುತ್ತಾರೆ.
ನಮ್ಮ ಸಾಲ ವಿಭಾಗದ ಮುಬೀನಾ, ಇಪ್ಪತ್ತೇಳು ತುಂಬಿದವಳು,
ಮತ್ತೆ ಶಾಲೆಗೆ ಹೋಗುತ್ತಾಳಂತೆ.
ಅವಳು ಎಂಥವಳೆಂದು ನಾನು ಹೇಳಬೇಕಂತೆ,
ಇವತ್ತು ರಾತ್ರಿ ಹನ್ನೊಂದೂ ಐವತ್ತೊಂಬತ್ತರ ಒಳಗೆ.

ಬ್ಯಾಂಕಿನ ಷಟರ್ ಅರ್ಧ ಇಳಿದಿದೆ.
ಮಂಡಿಪೇಟೆಯ ಹಮಾಲರು ಕೈಗಾಡಿಗೆ ಸರಪಳಿ ಹಾಕಿ ಹೋದರು.
ಒಂದೇ ಬೆರಳಲ್ಲಿ ಟೈಪು ಮಾಡುವವನು ನಾನು,
ಕೊಟ್ರಬಸಪ್ಪ ಅನ್ನುವುದಕ್ಕೇ ಎರಡು ನಿಮಿಷ ಹಿಡಿಯಿತು.

ಮೊದಲ ಪ್ರಶ್ನೆ ಸಲೀಸು: ಎಷ್ಟು ವರ್ಷದಿಂದ ಬಲ್ಲಿರಿ?
ನಾಲ್ಕು.
ಎರಡನೆಯದು: ಅಭ್ಯರ್ಥಿಯ ನಾಯಕತ್ವಕ್ಕೊಂದು ನಿದರ್ಶನ.
ನಮ್ಮೂರಲ್ಲಿ ನಾಯಕರೆಂದರೆ ಫ್ಲೆಕ್ಸಿನ ಮೇಲಿರುವವರು.
ಹೋದ ಮಾರ್ಚಿನಲ್ಲಿ ಒಂದು ಗೋದಾಮು ನೋಡಲು ಹೋಗಿದ್ದೆವು,
ನಾನೂರು ಚೀಲ ಮಂಡಕ್ಕಿ ದಾಸ್ತಾನು.
ನಾನು ಚೀಲ ಎಣಿಸಿದೆ. ಲೆಕ್ಕ ಸರಿಯಿತ್ತು.
ಭಟ್ಟಿಯ ಮನೆಯಲ್ಲಿ ಹುಟ್ಟಿದವಳು ಎಣಿಸಲಿಲ್ಲ,
ಬುಡದ ಚೀಲಕ್ಕೆ ಬೆರಳ ಗೆಣ್ಣಿನಿಂದ ಬಡಿದು
ಕಿವಿಗೊಟ್ಟಳು.
'ಸರ್, ಕೆಳಗಿನೆರಡು ಸಾಲು ಬರೀ ಹೊಟ್ಟು.'
ಇನ್ನೂರೈವತ್ತು ಪದಗಳಲ್ಲಿ ವಿವರಿಸಿ ಅಂತಿದೆ ಇಲ್ಲಿ.
ಅವಳು ಆಡಿದ್ದು ಐದು.

ಮೂರನೆಯದಕ್ಕೆ ಕನ್ನಡಕ ತೆಗೆದು ಒರೆಸಿಕೊಂಡೆ:
ನೀವು ಆಕೆಗೆ ಹೇಳಿದ ಒಂದು ಮುಖ್ಯ ತಿದ್ದುಪಡಿ ಯಾವುದು,
ಆಕೆ ಹೇಗೆ ಸ್ವೀಕರಿಸಿದಳು?
ಹೇಳಿದ್ದೆ. ಬೋರ್ಡ್ ಮೀಟಿಂಗಿನ ಹಿಂದಿನ ದಿನ ಕರೆದು
'ಡೈರೆಕ್ಟರುಗಳೆದುರು ಸ್ವಲ್ಪ ದನಿ ತಗ್ಗಿಸಮ್ಮ' ಅಂದಿದ್ದೆ.
ಗೋದಾಮು ಅವರಲ್ಲೊಬ್ಬರ ಅಳಿಯನದು.
ತಗ್ಗಿಸಿದಳು.
ಎಷ್ಟೆಂದರೆ, ಕೇಳಿಸಿಕೊಳ್ಳಲು ಹನ್ನೊಂದು ಜನವೂ
ಮೇಜಿನ ಮೇಲೆ ಬಾಗಬೇಕಾಯಿತು.
ಸಾಲ ಮಂಜೂರಾಗಲಿಲ್ಲ.
ಇದನ್ನೆಲ್ಲ ಬರೆದೆ, ಅಳಿಸಿದೆ,
'ಸಲಹೆಯನ್ನು ಚೆನ್ನಾಗಿ ಸ್ವೀಕರಿಸಿದಳು' ಎಂದು ಹಾಕಿದೆ.
ನನ್ನದು ಸಾಲಪತ್ರದ ಇಂಗ್ಲಿಷು,
ಅದರಲ್ಲಿ ಜನ ಕಟ್ಟುತ್ತಾರೆ ಇಲ್ಲವೇ ತಪ್ಪಿಸುತ್ತಾರೆ, ಅಷ್ಟೇ.

ಕೊನೆಗೆ ಗುಂಡಿಗಳ ಸಾಲು.
ನೀವು ಕಂಡವರಲ್ಲಿ ಈಕೆ ಮೇಲಿನ ಎರಡು ಪರ್ಸೆಂಟೋ,
ಐದೋ, ಹತ್ತೋ, ಅರ್ಧದಲ್ಲೋ?
ಮೂವತ್ತೊಂದು ವರ್ಷ, ಯಾವ ಅರ್ಜಿಯ ಮೇಲೂ
'ತೃಪ್ತಿಕರ'ಕ್ಕಿಂತ ದೊಡ್ಡ ಪದ ಬರೆದವನಲ್ಲ.
ಮಧ್ಯಾಹ್ನ ಚಹಾ ಕುಡಿಯುತ್ತ ನಕ್ಕಿದ್ದಳು:
'ಎಲ್ಲರ ಸಾಹೇಬರೂ ಮೇಲಿನದನ್ನೇ ಒತ್ತುತ್ತಾರೆ ಸರ್.
ನಿಮ್ಮ ತೃಪ್ತಿಕರ ಅಂದರೆ ಅಲ್ಲಿ ರಿಜೆಕ್ಟು.'
ಕೇಳಿಕೊಳ್ಳಲಿಲ್ಲ. ಹೇಳಿದಳಷ್ಟೆ.

ಚಲನ್ ಬೆನ್ನಿಗೆ ಹೆಸರು ಬರೆಯುತ್ತ ಹೋದೆ.
ನನ್ನ ಕೈಕೆಳಗೆ ದುಡಿದವರು ನಲವತ್ತು.
ನಲವತ್ತರಲ್ಲಿ ಎರಡು ಪರ್ಸೆಂಟು ಅಂದರೆ ಪೂರಾ ಒಬ್ಬರೂ ಅಲ್ಲ,
ಸೊನ್ನೆ ಪಾಯಿಂಟ್ ಎಂಟು.
ಅವಳಲ್ಲಿ ಏನು ಬಿಡಲಿ? ಆ ಬೆರಳ ಗೆಣ್ಣೇ?
ಐದಾದರೆ ಸರಿಯಾಗಿ ಇಬ್ಬರು.
ಒಬ್ಬಳು ಇವಳು.
ಇನ್ನೊಬ್ಬ ಯಾರೆಂದು ಯೋಚಿಸುವ ಮೊದಲೇ
ಸೈಕಲ್ಲಿನ ಬೆಲ್ಲು ಕೇಳಿದಂತಾಯಿತು.

ದುರುಗಪ್ಪ. ಪಿಗ್ಮಿ ಕಲೆಕ್ಟರು. ಏಳನೇ ಕ್ಲಾಸು ಫೇಲು.
ಮಿಲ್ಲು ಮುಚ್ಚುವ ಎಂಟು ತಿಂಗಳು ಮುಂಚೆ ಬಂದು
'ಗೇಟಿನ ಚಾದಂಗಡಿಯವ್ನು ಇಪ್ಪತ್ತು ಕಟ್ಟೋನು
ಐದು ಕಟ್ಟಾಕತ್ತಾನೆ ಸಾಹೇಬ್ರೆ,
ಮಿಲ್ಲಿನ ಮಂದಿಗೆ ಹೊಸ ಸಾಲ ಬ್ಯಾಡ್ರಿ' ಅಂದಿದ್ದ.
ನಾವು ಬ್ಯಾಲೆನ್ಸ್ ಶೀಟು ನೋಡಿ ಕೊಟ್ಟೆವು.
ಅವನು ಎಂಥವನೆಂದು ಯಾವ ಊರಿನವರೂ
ನನಗೆ ಬರೆದು ಕೇಳಲಿಲ್ಲ.
ರಿಟೈರಾದ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ.

ಐದನ್ನು ಒತ್ತಿದೆ.
ಸಮಯ ಮೀರಿದೆ, ಮತ್ತೆ ಲಾಗಿನ್ ಆಗಿ ಅಂದಿತು.
ಎಲ್ಲ ಅಳಿದಿತ್ತು, ನನ್ನ ಹೆಸರೂ.

ಎರಡನೇ ಸಲ ಬರೆಯುವಾಗ ಮೂರನೆಯ ಪ್ರಶ್ನೆಗೆ
ನನ್ನ ಸಲಹೆ ತಪ್ಪಾಗಿತ್ತು ಎಂದು ಬರೆದೆ,
ಮೇಜಿನ ಮೇಲೆ ಬಾಗಿದ ಹನ್ನೊಂದು ತಲೆಗಳನ್ನೂ ಬರೆದೆ.
ಐವತ್ತೆರಡಾಗಿತ್ತು.
ಮತ್ತೆ ಐದು.

ಇನ್ನೇನಾದರೂ ಹೇಳುವುದಿದೆಯೇ, ಎಂದು ಕೊನೆಯ ಚೌಕ.
ಖಾಲಿ ಬಿಡಬಹುದು ಅಂತ ಕೆಳಗೆ ಸಣ್ಣಕ್ಷರ.
ಕರ್ಸರ್ ಮಿಣುಕುತ್ತಿತ್ತು.
ದುರುಗಪ್ಪನ ಇನಿಷಿಯಲ್ ಏನಿತ್ತು?
ನೆನಪಾಗಲಿಲ್ಲ.