ಕಿಟ್ಟ

ರಸ್ತೆ ಹಾಸಿದ ದಿನವೇ ಅಚ್ಚಿಗೆ ತುಂಬಿದ್ದು,
ಇಪ್ಪತ್ತೆಂಟು ದಿನ ನೀರಲ್ಲಿ ಮುಳುಗಿದ್ದ ಕಾಂಕ್ರೀಟಿನ ಘನ,
ಇವತ್ತು ಯಂತ್ರದ ದವಡೆಗೆ.
ಒರೆಸಿ, ತೂಗಿ, ನಟ್ಟನಡುವೆ ಕೂರಿಸುತ್ತೇನೆ.
ಮುಳ್ಳು ಏರತೊಡಗುತ್ತದೆ.
ಆಗ ಉಸಿರು ಬಿಗಿಹಿಡಿಯುವುದು ನನ್ನ ಚಟ,
ಏಳು ವರ್ಷವಾದರೂ ಬಿಟ್ಟಿಲ್ಲ.

ಮರಳಿನ ಬದಲು ಕಿಟ್ಟ, ನೂರಕ್ಕೆ ನಲವತ್ತು ಪಾಲು.
ಕಿಟ್ವೆಯ ಕರಿಗುಡ್ಡದ್ದು:
ತಾಮ್ರವನ್ನೆಲ್ಲ ಕಡಲಾಚೆ ಕಳಿಸಿ
ಊರು ತನಗೆಂದು ಉಳಿಸಿಕೊಂಡ ಬೆಟ್ಟ.
ಗಾಜಿನ ಹಾಗೆ ಮಿರುಗುವ ಕಪ್ಪು ಕಾಳು,
ಬರಿಗೈಲಿ ಹಿಡಿದರೆ ಬೆರಳು ಕೊಯ್ಯುತ್ತದೆ.

ಅಜ್ಜ ಕಸುಬಾ ಆ ಗುಡ್ಡವನ್ನು ಸುರಿದವನು.
ರಾತ್ರಿ ಪಾಳಿ. ಪುಟ್ಟ ರೈಲು. ಬೆಂಕಿ ತುಂಬಿದ ಕೊಪ್ಪರಿಗೆ.
ಅಂಚಿಗೆ ತಂದು ವಾಲಿಸಿದರೆ
ಇಳಿಜಾರಿನುದ್ದ ಕೆಂಪು ಹರಿದು
ಅರ್ಧ ಊರಿಗೆ ಸಂಜೆ ಮರಳಿ ಬರುತ್ತಿತ್ತು.
ಆ ಬೆಳಕಲ್ಲಿ ಅಮ್ಮ ಬೀನ್ಸ್ ಕಾಳಿನ ಕಲ್ಲು ಆರಿಸುತ್ತಿದ್ದಳು.
ಚಿಕ್ಕಮ್ಮ ನ್ಕಾಂಡು ತನಗೆ ಬಂದ ಮೊದಲ ಪ್ರೇಮಪತ್ರ
ಓದಿ ಮುಗಿಸುವಷ್ಟರಲ್ಲಿ ಕತ್ತಲಾಗಿ
ಕೊನೆಯ ಸಾಲಿಗಾಗಿ
ಇನ್ನೊಂದು ಕೊಪ್ಪರಿಗೆ ಕಾದಳಂತೆ.

ಈಗ ಗುಡ್ಡದ ಬುಡದಲ್ಲಿ ಹುಡುಗರು
ಸುತ್ತಿಗೆ ಹಿಡಿದು ಹಸಿರು ಕಲೆ ಹುಡುಕುತ್ತಾರೆ,
ಅಳಿದುಳಿದ ತಾಮ್ರದ ಗುರುತು.
ನಾನು ಮಾದರಿ ತರಲು ಹೋದ ದಿನ
ಕಟೊಂಗೊ ಎಂಬವನು ಅಡ್ಡ ನಿಂತು ಕೇಳಿದ:
ಅಕ್ಕಾ, ರಸ್ತೆ ನಮ್ಮ ಗುಡ್ಡ ತಿಂದರೆ
ನಾವೇನು ತಿನ್ನೋಣ?
ನನ್ನ ಬಳಿ ಜರಡಿ ಇತ್ತು, ಚೀಲಗಳಿದ್ದವು,
ಚೀಟಿ ಅಂಟಿಸಲು ಗೋಂದು ಕೂಡ.

ಪುಡಿಯನ್ನು ಹುಳಿನೀರಲ್ಲಿ ಹದಿನೆಂಟು ಗಂಟೆ ಕುಲುಕಿದ್ದೆ.
ಸಿಮೆಂಟು ಕಚ್ಚಿ ಹಿಡಿದ ಮೇಲೆ
ಸೀಸ ಬಿಟ್ಟುಕೊಡಲಿಲ್ಲ. ಅಂದರೆ, ಹೆಚ್ಚೇನೂ ಇಲ್ಲ.
‘ಹೆಚ್ಚೇನೂ ಇಲ್ಲ’ ಎಂದು ಬರೆಯಲು ಕಾಲಂ ಇರಲಿಲ್ಲ,
ಅಂಕಿ ಬರೆದು ಸಹಿ ಹಾಕಿದೆ.

ಠಪ್.
ನಲವತ್ತೊಂದು.
ಮರಳಿನ ಘನಕ್ಕಿಂತ ಮೂರು ಮೇಲೆ.
ಒಡೆದ ಮೈಯೊಳಗೆ ಕಪ್ಪು ಕಾಳುಗಳು
ಹಾಗೇ ಕೂತಿವೆ, ಸೀತಾಫಲದ ಬೀಜಗಳಂತೆ.

ಮನೆಯಲ್ಲಿ ಹೇಳಿದೆ. ಅಜ್ಜ ನಕ್ಕ.
‘ಇಪ್ಪತ್ತೆಂಟು ದಿನ ನೀರಲ್ಲಿಟ್ಟು ನೋಡಿದಿರಾ?
ನನ್ನನ್ನು ಇಪ್ಪತ್ತೆಂಟು ವರ್ಷ ಬೆಂಕಿಯಲ್ಲಿಟ್ಟರು.
ಎಷ್ಟು ಹೊರುತ್ತಾನೆ ಅಂತ
ಒಬ್ಬನೂ ಮುಳ್ಳು ನೋಡಲಿಲ್ಲ.’
ಕಂಪನಿ ಕೈ ಬದಲಾದಾಗ ನಿಂತ ಪಿಂಚಣಿಯ ಮಾತು
ಹೇಗೂ ಬರುತ್ತಿತ್ತು. ಬಂತು.
ಪೂರ್ತಿ ಕೇಳಿಸಿಕೊಂಡು, ಕೈಹಿಡಿದು ಕರೆದೊಯ್ದೆ.

ಹೊಸ ರಸ್ತೆ, ಬರೀ ನೂರು ಮೀಟರು.
ಇಳಿಹೊತ್ತು. ಬೂದುಬಣ್ಣ, ಬೇರೆಲ್ಲ ರಸ್ತೆಗಳ ಹಾಗೆ.
ಚಪ್ಪಲಿ ಬಿಟ್ಟು ಮೇಲೆ ನಿಂತ.
ಕೋಲಿನಿಂದ ಎರಡು ಸಲ ಕುಟ್ಟಿದ,
ಅಂಗಾಲು ಒತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದ.
‘ತಣ್ಣಗಾಗಿದೆ’ ಅಂದ.

ಹಿಂದಿನಿಂದ ಹಾರ್ನು.
ತಾಮ್ರದ ಹಲಗೆ ಹೇರಿಕೊಂಡು
ಬಂದರಿಗೆ ಹೊರಟ ಲಾರಿ.
ಅವನ ಚಪ್ಪಲಿ ಎತ್ತಿಕೊಂಡೆ,
ಇಬ್ಬರೂ ಬದಿಯ ಮಣ್ಣಿಗಿಳಿದೆವು.